ಅಕ್ಕನ ಮೈಮೇಲಿನ ಧೂಳು

ಕಾರ್ಖಾನೆಯ ವಿಷಧೂಳು ಕಾರ್ಮಿಕರ ಬಟ್ಟೆಗೂ ತಲೆಗೂದಲಿಗೂ ಅಂಟಿ ಮನೆ ಸೇರಿ, ಕಾರ್ಖಾನೆಯೊಳಗೆ ಒಂದು ದಿನವೂ ಕಾಲಿಡದವರಿಗೆ ರೋಗ ತಂದರೆ ಅದಕ್ಕೆ ಮಾಲೀಕನು ಹೊಣೆಯೇ ಎಂಬ ಪ್ರಶ್ನೆಯ ಬೇರು 1965ರಲ್ಲಿ ಮ್ಯೂರಿಯಲ್ ನ್ಯೂಹೌಸ್ ಮತ್ತು ಹಿಲ್ಡಾ ಥಾಂಪ್ಸನ್ ಪ್ರಕಟಿಸಿದ ಲಂಡನ್ನಿನ ರೋಗಿಗಳ ಅಧ್ಯಯನದಲ್ಲಿದೆ.

ಸಿಮೆಂಟ್ ಶೀಟಿನಲ್ಲಿ ಬಳಕೆಯಾಗುವ ಕಲ್ನಾರಿನ, ಅಂದರೆ ಆಸ್‌ಬೆಸ್ಟಾಸಿನ, ಧೂಳು ಒಳಹೊಕ್ಕ ದಶಕಗಳ ಬಳಿಕ ಶ್ವಾಸಕೋಶದ ಹೊರಪೊರೆಗೆ ಅಥವಾ ಹೊಟ್ಟೆಯ ಒಳಪೊರೆಗೆ ತಗಲುವ ಕ್ಯಾನ್ಸರೇ ಮೆಸೊಥೆಲಿಯೋಮ. ಆ ಅಧ್ಯಯನದಲ್ಲಿ ಪೂರ್ವವೃತ್ತಾಂತ ದೊರೆತ 76 ರೋಗಿಗಳಲ್ಲಿ 31 ಮಂದಿ ಕಲ್ನಾರಿನ ಕೆಲಸ ಮಾಡಿದವರಾದರೆ, 9 ಮಂದಿ ಅಂಥ ಕೆಲಸಗಾರರ ಮನೆಯವರಷ್ಟೇ ಆಗಿದ್ದರು. ಬಂದರಿನ ಕೂಲಿಯೊಬ್ಬನು ಮೂರು ನಾಲ್ಕು ವರ್ಷ ಪ್ರತಿ ಸಂಜೆ ಮೈಯೆಲ್ಲ ಬೆಳ್ಳಗಾಗಿ ಮನೆಗೆ ಬರುತ್ತಿದ್ದರೆ, ಹೆಂಡತಿ ಬ್ರಷ್ಷು ಹಿಡಿದು ಅವನ ಧೂಳು ಕೊಡವುತ್ತಿದ್ದಳು.

ಗಂಡನ ಬಟ್ಟೆ ಒಗೆಯುವ ಹೆಂಡತಿಯ ಚಿತ್ರವೇ ಮುಂದೆ ಕಾನೂನು ಚರ್ಚೆಗಳಲ್ಲಿ ನೆಲೆನಿಂತಿತಾದರೂ, ಆ ಪ್ರಬಂಧದಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವವರು ಇಬ್ಬರು ಗಂಡಸರು. ಅವರು ಎಂಟೊಂಬತ್ತು ವರ್ಷದ ಹುಡುಗರಾಗಿದ್ದಾಗ ಅವರ ಅಕ್ಕಂದಿರು ಕಲ್ನಾರು ಕಾರ್ಖಾನೆಗೆ ಹೋಗುತ್ತಿದ್ದರು. ನೂಲುವ ಕೆಲಸದಲ್ಲಿದ್ದ ಒಬ್ಬಾಕೆ, ಈ ಧೂಳಿನಿಂದಲೇ ಶ್ವಾಸಕೋಶ ಗಡುಸಾಗುವ ಆಸ್‌ಬೆಸ್ಟೋಸಿಸ್ ರೋಗದಿಂದ 1947ರಲ್ಲಿ ತೀರಿಕೊಂಡಳು. ತಮ್ಮನನ್ನು ಮುಂದೆ ಮೆಸೊಥೆಲಿಯೋಮ ಕೊಂಡೊಯ್ದಿತು. ಒಂದೇ ಧೂಳು ಸಂಬಳ ತಂದವಳಿಗೆ ಒಂದು ರೋಗವನ್ನೂ ಅವಳ ಜೊತೆ ಬೆಳೆದವನಿಗೆ ಇನ್ನೊಂದನ್ನೂ ಕೊಟ್ಟಿತು, ಆದರೆ ಕಾನೂನಿನ ಕಣ್ಣಿಗೆ ಬಹುಕಾಲ ಬಿದ್ದವಳು ಅಕ್ಕ ಮಾತ್ರ.

1965ರ ಅಕ್ಟೋಬರ್ 31ರಂದು ಭಾನುವಾರದ ಪತ್ರಿಕೆಯೊಂದು ಈ ಅಧ್ಯಯನದ ಸುದ್ದಿಯನ್ನು ಜನರಿಗೆ ಮುಟ್ಟಿಸಿತು. ಮುಂಗಾಣಬಹುದಾದ ಅಪಾಯಕ್ಕಷ್ಟೇ ಹೊಣೆ ಎಂಬ ತತ್ತ್ವವನ್ನು ಹಿಡಿದು, ಲಿವರ್‌ಪೂಲಿನ ಹಡಗು ದುರಸ್ತಿ ಕೆಲಸಗಾರನೊಬ್ಬನ ಹೆಂಡತಿಯ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು, ಆ ಸುದ್ದಿ ಹೊರಬರುವ ಮುಂಚೆ ಮಾಲೀಕನು ಮನೆಯವರ ಅಪಾಯವನ್ನು ಊಹಿಸಬೇಕಾಗಿರಲಿಲ್ಲವೆಂದು 2005ರಲ್ಲಿ ಬಹುಮತದ ತೀರ್ಪು ನೀಡಿತು. 1931ರಲ್ಲೇ ಕಲ್ನಾರು ಕಾರ್ಖಾನೆಗಳ ಧೂಳಿಗೆ ನಿಯಮ ಮಾಡಿದ್ದ ದೇಶದಲ್ಲಿ, ಆ ಧೂಳು ಬಟ್ಟೆಯ ಜೊತೆ ಗೇಟು ದಾಟುವುದು ಯಾರಿಗೂ ಹೊಳೆಯದೆ ಹೋಯಿತೆಂಬ ಮಾತು ನಂಬಲು ಕಷ್ಟ.

ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 2016ರಲ್ಲಿ ಮನೆಯವರ ಬಗೆಗೂ ಮಾಲೀಕನಿಗೆ ಕರ್ತವ್ಯವಿದೆಯೆಂದು ಒಪ್ಪಿ, ಅದಕ್ಕೆ ರಕ್ತಸಂಬಂಧವನ್ನಲ್ಲ, ಒಟ್ಟಿನ ವಾಸವನ್ನೇ ಅಳತೆಗೋಲಾಗಿಸಿತು. ಅಲ್ಲಿ ರೋಗಿಯಾದವನು ಬ್ರೇಕ್ ಲೈನಿಂಗ್ ತಯಾರಿಸುವ ಕಾರ್ಖಾನೆಯಲ್ಲಿದ್ದ ಬಂಧುವಿನ ಮನೆಯಲ್ಲಿ ವಾರಕ್ಕೆ ಸರಾಸರಿ ಮೂರು ರಾತ್ರಿ ಕಳೆದಿದ್ದವನು. ಈ ಅಳತೆಯಲ್ಲಿ ಲಂಡನ್ನಿನ ತಮ್ಮಂದಿರಿಗೂ ಜಾಗ ಸಿಗುತ್ತಿತ್ತು.

ಭಾರತದ 1923ರ ಪರಿಹಾರ ಕಾಯ್ದೆಯ ಚೌಕಟ್ಟಿನಲ್ಲಿ ಮನೆಯವರು ಬಂದದ್ದು ಸತ್ತ ಕಾರ್ಮಿಕನ ಅವಲಂಬಿತರಾಗಿಯೇ ಹೊರತು ತಾವೇ ರೋಗಿಗಳಾಗಿ ಅಲ್ಲ. ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯುವುದನ್ನು ನಿಷೇಧಿಸಿ, ಅದನ್ನು ಶುಚಿಗೊಳಿಸುವ ಭಾರವನ್ನು ಮಾಲೀಕನಿಗೆ ಹೊರಿಸುವ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1986ರ ಒಡಂಬಡಿಕೆಯನ್ನು ಭಾರತ ಇನ್ನೂ ಅನುಮೋದಿಸಿಲ್ಲ.