ಹೈಬ್ರಿಡ್ ಭತ್ತಕ್ಕೂ ಕಾಡಾನೆಗೂ ಏನು ಸಂಬಂಧ?

ತಿತಿಮತಿ: ಎಕರೆಗೆ ಮೂರ್ನಾಲ್ಕು ಕ್ವಿಂಟಾಲ್ ಭತ್ತ ಜಾಸ್ತಿ ಬರುತ್ತದೆ ಅಂದರೆ ಯಾವ ರೈತ ಬೇಡ ಅಂತಾನೆ? ಆದರೂ ಗೋಣಿಕೊಪ್ಪ-ಹುಣಸೂರು ರಸ್ತೆಯ ಈ ಕಾಡಂಚಿನ ಊರಲ್ಲಿ ಹೈಬ್ರಿಡ್ ಭತ್ತ ಅಂದರೆ ಹತ್ತು ಸಲ ಯೋಚಿಸಬೇಕು. ರೈತ ಮೊಂಡ, ಹಳೇ ಕಾಲದವ ಎಂದು ಷರಾ ಬರೆದು ಫೈಲು ಮುಚ್ಚುವ ಸಾಹೇಬರುಗಳು ಒಮ್ಮೆ ಗದ್ದೆ ಬದುವಿನ ಮೇಲೆ ನಿಂತು ಲೆಕ್ಕ ಹಾಕಲಿ.

ಹೈಬ್ರಿಡ್ ಭತ್ತ ನಿನ್ನೆ ಮೊನ್ನೆಯದಲ್ಲ. ಚೀನಾದ ಯುವಾನ್ ಲಾಂಗ್‌ಪಿಂಗ್ 1970ರ ದಶಕದಲ್ಲೇ ಅದನ್ನು ರೈತರ ಗದ್ದೆಗೆ ಇಳಿಸಿದರು. ನಮ್ಮ ಮಂಡ್ಯದ ವಿ.ಸಿ. ಫಾರಂನಿಂದ 1994ರಲ್ಲಿ ಕೆ.ಆರ್.ಎಚ್.-1, 1996ರಲ್ಲಿ ಕೆ.ಆರ್.ಎಚ್.-2 ಬಂದವು. ಇಳುವರಿ ಶೇ. 15ರಿಂದ 20 ಹೆಚ್ಚು ಎಂಬುದು ವಿಜ್ಞಾನಿಗಳ ಲೆಕ್ಕ. ಎಕರೆಗೆ 8 ಕಿಲೋ ಬೀಜ ಸಾಕು. ಮಾಮೂಲಿ ತಳಿಗೆ 25 ಕಿಲೋ ಬೇಕು.

ಆದರೆ ಆ 8 ಕಿಲೋವನ್ನು ಪ್ರತಿ ವರ್ಷ ದುಡ್ಡು ಕೊಟ್ಟೇ ತರಬೇಕು. ಈ ಸಲದ ಫಸಲಿನಿಂದ ಬೀಜ ಎತ್ತಿಟ್ಟರೆ ಮುಂದಿನ ಸಲ ಪೈರು ಒಂದು ಎತ್ತರ, ಒಂದು ಗಿಡ್ಡ. ಕೊಯ್ಲಿಗೆ ಬರುವುದೂ ಹಿಂದುಮುಂದು. ಕಣಜದ ಬೀಜಕ್ಕೆ ಯಾರ ಮುಂದೆಯೂ ಕೈ ಚಾಚಬೇಕಾಗಿರಲಿಲ್ಲ.

ಇನ್ನು ಆನೆ ವಿಷಯ. ಕೆ.ಆರ್.ಎಚ್.-2 ಸುಮಾರು 130-135 ದಿನದ ಬೆಳೆ. ಬಯಲುಸೀಮೆಗೆ ಅದೇ ಅನುಕೂಲ. ಕೊಡಗಿನಲ್ಲಿ ಇಂಟಾನ್‌ನಂಥ ದೀರ್ಘಾವಧಿ ತಳಿಗೆ ಜನ ಒಗ್ಗಿದ್ದಾರೆ. ಪುತ್ತರಿ ಹೊತ್ತಿಗೆ ಕದಿರು, ಆಮೇಲೆ ಒಣ ಹವೆಯಲ್ಲಿ ಕೊಯ್ಲು. ಜೂನ್‌ನಲ್ಲಿ ಬಿತ್ತಿದ ಹೈಬ್ರಿಡ್ ಅಕ್ಟೋಬರ್ ಕೊನೆಗೇ ಮಾಗಿದರೆ ಹಿಂಗಾರು ಮಳೆ ತಲೆ ಮೇಲೇ ಇರುತ್ತದೆ. ಅದಕ್ಕಿಂತ ದೊಡ್ಡ ಗಂಡಾಂತರ ಬೇರೆ: ಸುತ್ತ ಎಲ್ಲರ ಗದ್ದೆ ಹಸಿರಾಗಿರುವಾಗ ಒಬ್ಬನ ಗದ್ದೆಯಲ್ಲಿ ಮಾತ್ರ ಹಾಲು ತುಂಬಿದ ತೆನೆ! ನಾಗರಹೊಳೆ ಕಾಡು ಪಕ್ಕದಲ್ಲೇ. ಮತ್ತಿಗೋಡಿನ ಸಾಕಾನೆಗಳು ಶಿಬಿರದಲ್ಲಿ ಊಟ ಮಾಡುತ್ತವೆ, ಕಾಡಾನೆಗೆ ಯಾರು ಬಡಿಸ್ತಾರೆ? ಹಕ್ಕಿ, ಹಂದಿಗಳೂ ಅದೇ ಗದ್ದೆಗೆ. ಹತ್ತು ಜನರ ಗದ್ದೆ ಒಟ್ಟಿಗೆ ಮಾಗಿದರೆ ನಷ್ಟವೂ ಹಂಚಿಹೋಗುತ್ತದೆ, ರಾತ್ರಿ ಕಾವಲಿಗೂ ಜೊತೆ ಇರುತ್ತದೆ. ಮೊದಲು ಪ್ರಯೋಗ ಮಾಡಿದವನೇ ಮೊದಲು ಕಳೆದುಕೊಳ್ಳುವ ಊರಿದು.

ಕೂಲಿಯ ಮಾತೂ ಇದೆ. ಹೈಬ್ರಿಡ್‌ಗೆ ಎಳೆ ಸಸಿಯನ್ನು ಗುಣಿಗೆ ಒಂದೆರಡರಂತೆ ಅಂತರ ನೋಡಿ ನೆಡಬೇಕು. ನಾಟಿ ಸಮಯಕ್ಕೆ ಆಳು ಸಿಕ್ಕಿದ್ದೇ ಪುಣ್ಯ ಅನ್ನುವ ಕಾಲದಲ್ಲಿ ಅಳತೆ ಹಿಡಿಯುವವರು ಯಾರು? ಕಾಫಿ ತೋಟ ಇದ್ದವನಿಗೆ ಗದ್ದೆ ಎಂದರೆ ಮನೆಯ ಅಕ್ಕಿ, ಜಾನುವಾರಿಗೆ ಹುಲ್ಲು. ಕಡಂಬುಟ್ಟು, ನೂಪುಟ್ಟಿಗೆ ಆಗದ ಅಕ್ಕಿ ಎಷ್ಟು ಕ್ವಿಂಟಾಲ್ ಆದರೇನು? ಜಿಲ್ಲೆಯಲ್ಲಿ ಶುಂಠಿಗೆ ಕೊಟ್ಟ ಗದ್ದೆಗಳೂ ಇವೆ, ಪಾಳು ಬಿಟ್ಟವೂ ಇವೆ. ಅಲ್ಲಿ ಹೈಬ್ರಿಡ್ಡೂ ಇಲ್ಲ, ಇಂಟಾನೂ ಇಲ್ಲ.

ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಎರಡೂ ಇಲ್ಲಿಗೆ ದೂರವಲ್ಲ. ಪ್ರಾತ್ಯಕ್ಷಿಕೆ ಮಾಡುವುದಾದರೆ ರಸ್ತೆ ಬದಿಯ ಸುರಕ್ಷಿತ ಗದ್ದೆ ಬೇಡ. ಆನೆ ಕಂದಕದ ಪಕ್ಕದ್ದೇ ಆಗಲಿ. ಅದೂ ಒಬ್ಬನದಲ್ಲ, ಇಡೀ ಬಯಲಿನವರದ್ದು ಒಟ್ಟಿಗೆ, ತಡವಾಗಿ ಬಿತ್ತಿ.