ತಂಗಿದವನ ಸಾಕ್ಷಿ

ಪರವೂರಿಗೆ ಹೋಗುವವನಿಗೆ ಮೊದಲ ಚಿಂತೆ ಬಿಡಾರದ್ದು. ಅಲ್ಲಿ ಮುಂಚೆ ತಂಗಿ ಬಂದವನ ಮಾತೇ ಆಧಾರ. ಹಿಂದೆ ಆ ಮಾತನ್ನಾಡುತ್ತಿದ್ದವನು ನೆಂಟನೋ ನೆರೆಯವನೋ ಆಗಿರುತ್ತಿದ್ದ. ಅವನನ್ನು ಎಷ್ಟು ನಂಬಬೇಕೆಂಬುದು ನಮಗೆ ತಿಳಿದಿರುತ್ತಿತ್ತು. ಇಂದು ನುಡಿಯುವವನು ಅಂತರ್ಜಾಲದ ಅಪರಿಚಿತ. ಆಡಿದ ಮಾತಿಗೆ ಅವನಿಗೆ ಒಂದಿಷ್ಟು ಸಂಭಾವನೆಯೂ ಸಲ್ಲಬಹುದು.

ಕ್ರಮ ಹೀಗಿದೆ. ಮಧ್ಯವರ್ತಿ ಸಂಸ್ಥೆಯೊಂದರ ಮೂಲಕ ಕೋಣೆ ಕಾದಿರಿಸಿ, ತಂಗಿ, ಹೊರಟ ಮೇಲೆ ಆ ಸಂಸ್ಥೆ ಅಭಿಪ್ರಾಯ ಕೇಳುತ್ತದೆ. ಕಾದಿರಿಸಿದ ದಾಖಲೆ ಅದರ ಬಳಿಯೇ ಇರುವುದರಿಂದ ಬರೆದವನು ನಿಜವಾದ ಅತಿಥಿಯೆಂಬುದು ದೃಢಪಡುತ್ತದೆ. ಕೆಲವು ಸಂಸ್ಥೆಗಳು ಇಂಥ ಬರಹಕ್ಕೆ ಅಂಕಗಳನ್ನು ಜಮಾ ಮಾಡುತ್ತವೆ. ಟ್ರಿಪ್ ಡಾಟ್ ಕಾಂ ಅವನ್ನು ‘ಟ್ರಿಪ್ ಕಾಯಿನ್’ ಎನ್ನುತ್ತದೆ. ಮುಂದಿನ ಪ್ರವಾಸದ ಬಾಡಿಗೆಯಲ್ಲಿ ಅವನ್ನು ಮುರಿದುಕೊಳ್ಳಬಹುದು. ಸಿಗುವುದು ಕಾಫಿಯ ದುಡ್ಡೇ ಹೊರತು ವಿಮಾನದ ಟಿಕೆಟ್ಟಲ್ಲ. ನಮ್ಮ ಪುಸ್ತಕ ವಿಮರ್ಶಕರಿಗೆ ಅಷ್ಟೂ ಸಿಗದೆಂಬುದು ಬೇರೆ ಮಾತು.

ಈ ದೃಢೀಕರಣ ಹುಸಿಯಲ್ಲ. ಮೇಜ್ಲಿನ್, ಡೋವರ್, ಶೆವಲಿಯೆ ಎಂಬ ಮೂವರು ವಿದ್ವಾಂಸರು 2014ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಒಂದು ಹೋಲಿಕೆ ಪ್ರಕಟಿಸಿದರು. ಎಕ್ಸ್‌ಪೀಡಿಯಾದಲ್ಲಿ ಅದರ ಮೂಲಕ ಕೋಣೆ ಪಡೆದವರಷ್ಟೇ ಬರೆಯಬಹುದಿತ್ತು. ಟ್ರಿಪ್‌ಅಡ್ವೈಸರ್‌ನಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು. ಪಕ್ಕದಲ್ಲೇ ಪ್ರತಿಸ್ಪರ್ಧಿಯಿದ್ದ ವಸತಿಗೃಹಗಳಿಗೆ ಈ ಎರಡನೆಯ ಕಡೆ ನಿಂದೆ ಹೆಚ್ಚಾಗಿತ್ತು. ಬೈದವರು ಅತಿಥಿಗಳೇ ಆಗಿರಬೇಕೆಂದಿಲ್ಲವಷ್ಟೆ! 2017ರಲ್ಲಿ ಲಂಡನ್ನಿನ ಊಬಾ ಬಟ್ಲರ್ ಎಂಬಾತ ತನ್ನ ಹಿತ್ತಲಿನ ಶೆಡ್ಡನ್ನು ಬರಿಯ ಕಟ್ಟುಕಥೆಗಳಿಂದಲೇ ಅದೇ ಟ್ರಿಪ್‌ಅಡ್ವೈಸರ್‌ನಲ್ಲಿ ಆ ನಗರದ ಮೊದಲನೆಯ ಊಟದ ಮನೆಯಾಗಿ ಮೆರೆಸಿದ. ಆ ಪಟ್ಟ ಸಿಗುವವರೆಗೆ ಅಲ್ಲಿ ಒಬ್ಬ ಗಿರಾಕಿಯೂ ಉಂಡಿರಲಿಲ್ಲ.

ಆದರೆ ದಾಖಲೆ ಹೇಳುವುದು ತಂಗಿದ್ದನ್ನು, ನಿಜ ನುಡಿದದ್ದನ್ನಲ್ಲ. ಹೊಗಳಿದರೂ ತೆಗಳಿದರೂ ಒಂದೇ ಅಂಕ ಸಲ್ಲುವುದಾದರೆ ಅದನ್ನು ನಾನು ಕೂಲಿಯೆನ್ನುತ್ತೇನೆ. ಹೊಗಳಿದರಷ್ಟೇ ಎಂದರೆ ಲಂಚ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ನಿಯಮದಲ್ಲಿ ನಿಷೇಧಿಸಿದ್ದು ಇಂಥ ಷರತ್ತನ್ನೇ. ನಮ್ಮಲ್ಲಿಯೂ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನು ಹೊರತಂದಿತು. ಹೊರಟಾಗ ಅದು ಕಡ್ಡಾಯವಾಗಿರಲಿಲ್ಲ.

ಷರತ್ತು ಯಾವಾಗಲೂ ಕಾಗದದ ಮೇಲಿರುವುದಿಲ್ಲ. ಬೀಗದಕೈ ಹಿಂದಿರುಗಿಸುವಾಗ “ಹತ್ತಕ್ಕೆ ಹತ್ತು ಕೊಡಿ ಸ್ವಾಮಿ” ಎಂದು ಹುಡುಗನೊಬ್ಬ ಕೈಮುಗಿದರೆ ಯಾರ ಲೇಖನಿಯೂ ಮೆತ್ತಗಾದೀತು. ನಾನು ಆಗ ನೆನೆಯುವುದು ರಾತ್ರಿ ಹನ್ನೊಂದಕ್ಕೆ ರೋಗಿಯೊಡನೆ ಆ ಊರಿನಲ್ಲಿ ಬಂದಿಳಿಯುವವರನ್ನು. ಅವರಿಗೆ ‘ಅತ್ಯುತ್ತಮ’ ಎಂಬ ಮಾತಿನಿಂದ ಪ್ರಯೋಜನವೇನು? ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ಬೀದಿಯ ಸದ್ದು ಎಷ್ಟು ಕೇಳುತ್ತದೆ ಎಂಬುದನ್ನು ಬರೆಯುತ್ತೇನೆ. ಲಿಫ್ಟಿಲ್ಲದ ಒಂದು ಕಡೆ ಮೂರನೆಯ ಮಹಡಿಗೆ 62 ಮೆಟ್ಟಿಲೆಂದು ಬರೆದದ್ದಕ್ಕೂ ಅಂಕಗಳು ಸಂದಿವೆ.