ಗೆರೆಯ ಉದ್ಯೋಗ

“ನಿಮ್ಮ ಮಗ ಏನು ಮಾಡುತ್ತಾನೆ?” ಎಂಬ ಪ್ರಶ್ನೆಗೆ ನಮ್ಮ ತೆಲಿಗಿಯಲ್ಲಿ ಉತ್ತರವು ಒಂದೇ ಮಾತಿನಲ್ಲಿ ಬರಬೇಕು. ಬೇಸಾಯ, ಮೇಷ್ಟ್ರ ಕೆಲಸ, ಬ್ಯಾಂಕು, ಅಂಗಡಿ, ಮಿಲಿಟರಿ, ಇವುಗಳಲ್ಲಿ ಯಾವುದಾದರೊಂದನ್ನು ಹೇಳಿದರೆ ಕೇಳಿದವರು ತಲೆದೂಗಿ ಮುಂದಕ್ಕೆ ಹೋಗುವರು. ಇಂತಹ ಮಾತೊಂದು ದೊರೆಯದೆ ಹತ್ತು ವರ್ಷಗಳಿಂದ ಕಷ್ಟಪಡುತ್ತಿರುವ ಗೃಹಸ್ಥರೊಬ್ಬರು ನಮ್ಮ ಓಣಿಯಲ್ಲಿರುವರು. ಅವರು ಮೆಕ್ಕೆಜೋಳ ಬೆಳೆಯುವ ರೈತರು. ಅವರ ಮಗನು ನನ್ನ ಹಳೆಯ ಶಿಷ್ಯ. ಅವನು ಬೆಂಗಳೂರಿನಲ್ಲಿ ವೀಡಿಯೋ ಗೇಮುಗಳನ್ನು ನಿರ್ಮಿಸುವ ಸಂಸ್ಥೆಯೊಂದರಲ್ಲಿ ‘ಕಾನ್ಸೆಪ್ಟ್ ಆರ್ಟಿಸ್ಟ್’ ಆಗಿರುವನು. ತಂದೆಯು “ಕಂಪ್ಯೂಟರಿನ ಕೆಲಸ” ಎಂದಷ್ಟೇ ಹೇಳಿ ಮಾತು ತಿರುಗಿಸುವರು. ಮಗನು ಚಿತ್ರ ಬರೆದು ಅನ್ನ ಸಂಪಾದಿಸುವನೆಂದರೆ ಜನರು ನಕ್ಕಾರೆಂಬ ಅಳುಕು ಒಂದು. ಆ ಚಿತ್ರವೆಲ್ಲಿ, ತೋರಿಸಿರಿ ಎಂದರೆ ತೋರಿಸಲು ಏನೂ ಇಲ್ಲವೆಂಬ ಸಂಕಟ ಇನ್ನೊಂದು.

ಈ ವಿಷಯದಲ್ಲಿ ನಾನೂ ನಿರ್ದೋಷಿಯಲ್ಲ. ಆ ಹುಡುಗನು ಎಂಟನೆಯ ತರಗತಿಯಲ್ಲಿದ್ದಾಗ, ರಾಮಶಬ್ದದ ಏಳು ವಿಭಕ್ತಿಗಳನ್ನು ಬರೆದು ತರಲು ಹೇಳಿದ್ದೆನು. ಅವನು ಏಳು ಕಿರೀಟಗಳನ್ನು ಬರೆದು ತಂದನು. ಒಂದು ಗೋಪುರದಂತೆ ಎತ್ತರ, ಒಂದು ಬೋಗುಣಿಯಂತೆ ಚಪ್ಪಟೆ, ಒಂದಕ್ಕೆ ನವಿಲುಗರಿ, ಒಂದಕ್ಕೆ ಕೋಣನ ಕೊಂಬು! ನಾನು ಆ ಹಾಳೆಯನ್ನು ಹರಿದುದಲ್ಲದೆ ತಂದೆಯನ್ನು ಕರೆಸಿ, ಈ ಚಟವನ್ನು ಬಿಡಿಸದಿದ್ದರೆ ಹುಡುಗನು ಕೆಡುವನೆಂದು ಹೇಳಿದೆನು. ಇಂದು ಆ ತಂದೆಯ ಅಳುಕಿನಲ್ಲಿ ನನ್ನ ಆ ಮಾತಿನ ಪಾಲೂ ಉಂಟು. ಈಗ ಅದೇ ಓಣಿಯ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಇದೇ ವಿದ್ಯೆಯನ್ನು ಕಲಿಯುವೆನೆಂದು ಹಟ ಹಿಡಿದಿರಲು, ಅವಳ ತಂದೆಯು ಸಲಹೆ ಕೇಳಲು ನನ್ನ ಬಳಿಗೇ ಬಂದರು. ಎರಡನೆಯ ಸಲವೂ ತಿಳಿಯದೆ ಮಾತನಾಡಬಾರದೆಂದು, ದೀಪಾವಳಿಗೆ ಊರಿಗೆ ಬಂದ ಶಿಷ್ಯನನ್ನು ಜಗುಲಿಯ ಮೇಲೆ ಕುಳ್ಳಿರಿಸಿಕೊಂಡು ಸವಿಸ್ತಾರವಾಗಿ ವಿಚಾರಿಸಿದೆನು. ವಾಚಕರ ಮನೆಗಳಲ್ಲಿಯೂ ಇಂತಹ ಮಕ್ಕಳಿರಬಹುದು.

ವೀಡಿಯೋ ಗೇಮಿನಲ್ಲಿ ಕಾಣುವ ಕೋಟೆ, ಕಾಡು, ವೀರ, ರಾಕ್ಷಸ, ಕೊನೆಗೆ ಒಂದು ಮುರುಕು ಮಡಕೆಯವರೆಗೆ, ಯಾವುದೂ ತಾನಾಗಿ ಹುಟ್ಟಿದುದಲ್ಲ. ಮೊದಲು ಯಾರಾದರೂ ಅದನ್ನು ಗೆರೆಯಲ್ಲಿ ಕಲ್ಪಿಸಬೇಕು. ಆಟದ ರಚನೆಕಾರರು ಬರೆದುಕೊಡುವ ಸೂಚನೆಯು ಬಹು ಸಂಕ್ಷಿಪ್ತವಾಗಿರುವುದು. ನಮ್ಮ ಉಚ್ಚಂಗಿದುರ್ಗದಂತಹ ಬೆಟ್ಟದ ಕೋಟೆಯೆಂದು ಭಾವಿಸಿರಿ: “ಪಾಳುಬಿದ್ದ ಹೆಬ್ಬಾಗಿಲು, ಎಡಗಡೆಯ ಕಿಂಡಿಯೊಳಗೆ ನುಸುಳಬಹುದೆಂಬುದು ಆಟಗಾರನಿಗೆ ದೂರದಿಂದಲೇ ತಿಳಿಯಬೇಕು.” ಇಷ್ಟೇ. ಕಲಾವಿದನು ಇದಕ್ಕೆ ಇಪ್ಪತ್ತು ಮೂವತ್ತು ಪುಟ್ಟ ಚಿತ್ರಗಳನ್ನು, ಪ್ರತಿಯೊಂದೂ ಹೆಬ್ಬೆರಳಿನ ಉಗುರಿನಷ್ಟಿರುವಂತೆ, ಬರಿಯ ಕಪ್ಪು ಛಾಯೆಯಲ್ಲಿ ಬರೆಯುವನು. ಬಣ್ಣವಿಲ್ಲ, ಅಲಂಕಾರವಿಲ್ಲ, ಹೊರಗೆರೆಯೊಂದೇ. ಬಳ್ಳಾರಿ ಸೀಮೆಯ ತೊಗಲುಗೊಂಬೆಯಾಟವನ್ನು ನೋಡಿದವರು ಇದರ ಮರ್ಮವನ್ನು ಬಲ್ಲರು. ಪರದೆಯ ಮೇಲೆ ಗೊಂಬೆ ಸುಳಿದೊಡನೆ, ಬಾಯಿ ತೆರೆಯುವ ಮುಂಚೆಯೇ, ಇವನು ರಾವಣ, ಇವನು ಹನುಮಂತ ಎಂದು ಕೊನೆಯ ಸಾಲಿನ ಕೂಸೂ ಗುರುತಿಸುವುದಷ್ಟೆ!

ಮೂವತ್ತರಲ್ಲಿ ಎರಡೋ ಮೂರೋ ಹಿರಿಯರಿಗೆ ಒಪ್ಪಿಗೆಯಾಗುವುವು. ಅನಂತರ ಅವಕ್ಕೆ ಬೆಳಕು, ಬಣ್ಣ, ಹವೆ. ಅದೂ ಒಪ್ಪಿಗೆಯಾದ ಬಳಿಕ ನಿಜವಾದ ದುಡಿಮೆಯು ಆರಂಭವಾಗುವುದು. ಅದೇ ಬಾಗಿಲನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಅಳತೆಗೆ ತಪ್ಪದಂತೆ ಬರೆಯಬೇಕು. ಎತ್ತರ ತಿಳಿಯಲು ಪಕ್ಕದಲ್ಲೊಬ್ಬ ಮನುಷ್ಯನನ್ನು ನಿಲ್ಲಿಸಬೇಕು. ಇದು ತೇಗ, ಇದು ತುಕ್ಕು ಹಿಡಿದ ಕಬ್ಬಿಣ, ಈ ತಿರುಗಣಿ ಹೊರಕ್ಕೆ ತಿರುಗುವುದು ಎಂದು ಅಂಚಿನಲ್ಲಿ ಬರೆಯಬೇಕು. ಈ ಹಾಳೆಗಳನ್ನು ನೋಡಿಕೊಂಡು ಬೇರೊಬ್ಬನು ಕಂಪ್ಯೂಟರಿನಲ್ಲಿ ಬಾಗಿಲನ್ನು ಮೂರು ಆಯಾಮಗಳಲ್ಲಿ ಕಟ್ಟುವನು; ಮತ್ತೊಬ್ಬನು ಅದಕ್ಕೆ ಮೈಬಣ್ಣ ಹೊದಿಸುವನು; ಇನ್ನೊಬ್ಬನು ಅದನ್ನು ಕಿರ್ರೆನ್ನುವಂತೆ ತೆರೆಸುವನು. ಆಟವಾಡುವವನು ಮೊದಲಿನ ಚಿತ್ರವನ್ನು ಎಂದೂ ಕಾಣನು. ಮನೆ ಕಟ್ಟಿದ ಮೇಲೆ ನಕ್ಷೆಯನ್ನು ಯಾರು ಕೇಳುವರು?

ನಾನು ಸಂಸ್ಕೃತದವನಾದುದರಿಂದ ನನಗೆ ಕೂಡಲೇ ನೆನಪಾದುದು ಮಾನಸೋಲ್ಲಾಸ. ಅದನ್ನು ಬರೆದವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಕಾಲ 12ನೆಯ ಶತಮಾನ. ರಾಜನು ಅಡಿಗೆಯಿಂದ ಆನೆಯವರೆಗೆ ಎಲ್ಲವನ್ನೂ ವಿವರಿಸಿದ ಆ ಗ್ರಂಥದಲ್ಲಿ ಚಿತ್ರವಿದ್ಯೆಗೂ ಸ್ಥಳವುಂಟು. ಕನ್ನಡಿಯಲ್ಲಿ ಕಂಡಂತೆ ಯಥಾವತ್ತಾಗಿ ಬರೆದುದು ವಿದ್ಧಚಿತ್ರವೆಂದೂ, ಬರೆಯಬೇಕೆಂಬ ಇಚ್ಛೆಯು ಹಠಾತ್ತನೆ ಹುಟ್ಟಿ ಆಕಾರಮಾತ್ರವು ಸಿದ್ಧಿಸುವಂತೆ ಬರೆದುದು ಅವಿದ್ಧಚಿತ್ರವೆಂದೂ ಅವನು ಭೇದವನ್ನು ಮಾಡಿರುವನು. ಆ ಉಗುರಿನಗಲದ ಮೂವತ್ತು ಚಿತ್ರಗಳು ಅವಿದ್ಧವಲ್ಲದೆ ಮತ್ತೇನು? ಇದನ್ನು ಹೇಳಿದಾಗ ಶಿಷ್ಯನು ನಕ್ಕು, “ಗುರುಗಳೇ, ಇದನ್ನು ಎಂಟನೆಯ ತರಗತಿಯಲ್ಲಿಯೇ ಹೇಳಬಹುದಾಗಿತ್ತು” ಎಂದನು. ಉತ್ತರ ಹೊಳೆಯದೆ ನಾನು ಕಾಫಿ ತರಲು ಒಳಗೆ ಹೋದೆನು.

ಪರದೇಶಗಳಲ್ಲಿ ಈ ಉದ್ಯೋಗಕ್ಕೆ ಹೆಸರು ತಂದವರು ಹಲವರು. ಅಮೇರಿಕದ ರಾಲ್ಫ್ ಮೆಕ್‌ಕ್ವಾರಿ ಎಂಬವರು 1975ರ ಸುಮಾರಿಗೆ ಸ್ಟಾರ್ ವಾರ್ಸ್ ಚಲಚ್ಚಿತ್ರಕ್ಕಾಗಿ ಬರೆದ ವರ್ಣಚಿತ್ರಗಳು, ಆ ವಿಚಿತ್ರ ಕಥೆಗೆ ಹಣ ಹಾಕಬಹುದೆಂದು ಸ್ಟುಡಿಯೋದವರನ್ನು ಒಪ್ಪಿಸುವುದಕ್ಕೆ ನೆರವಾದುವು. ಜಪಾನಿನ ಯೋಷಿತಾಕ ಅಮಾನೋ ಅವರು 1987ರ ಫೈನಲ್ ಫ್ಯಾಂಟಸಿ ಆಟಕ್ಕೆ ಎಳೆಎಳೆಯಾದ ಗೆರೆಗಳಲ್ಲಿ ವೀರರನ್ನು ಬರೆದರು. ಆ ಕಾಲದ ಯಂತ್ರವಾದರೋ ಅವರನ್ನು ಕೆಲವೇ ಬಣ್ಣದ ಚೌಕಗಳಾಗಿ ಮಾತ್ರ ತೋರಿಸಬಲ್ಲುದಾಗಿತ್ತು. ಆಡುವ ಮಕ್ಕಳು ಆ ಚೌಕಗಳಲ್ಲಿ ಉಳಿದುದನ್ನೆಲ್ಲ ತಾವೇ ಕಲ್ಪಿಸಿಕೊಂಡರು.

ನಮ್ಮಲ್ಲಿ ಈ ಉದ್ಯಮದ ಬೇರು ಬೆಂಗಳೂರಿನಲ್ಲಿದೆ. ರಾಜೇಶ್ ರಾವ್ ಅವರು 1997ರಲ್ಲಿ ಅಲ್ಲಿ ಸ್ಥಾಪಿಸಿದ ಧ್ರುವ ಇಂಟರ್ಯಾಕ್ಟಿವ್ ಈ ದೇಶದ ಮೊತ್ತಮೊದಲ ಗೇಮ್ ಸಂಸ್ಥೆಗಳಲ್ಲೊಂದು. 2019ರಲ್ಲಿ ಅಮೇರಿಕದ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡುಕೊಂಡಿತು. 2012ರಲ್ಲಿಯೇ ಕರ್ನಾಟಕ ಸರಕಾರವು ಆನಿಮೇಷನ್ ಹಾಗೂ ಗೇಮುಗಳಿಗಾಗಿ ಪ್ರತ್ಯೇಕ ನೀತಿಯೊಂದನ್ನು ಪ್ರಕಟಿಸಿತು. ಆದರೆ ಒಂದು ಸಂಗತಿಯನ್ನು ಗೃಹಸ್ಥರು ಮರೆಯಬಾರದು. ಇಲ್ಲಿಯ ಕೆಲಸದ ಬಹುಭಾಗವು ಪರದೇಶದ ಸಂಸ್ಥೆಗಳಿಗಾಗಿ ಗುತ್ತಿಗೆಯ ಮೇಲೆ ಮಾಡುವಂಥದು. ಕಲ್ಪಿಸುವುದು ಅಲ್ಲಿ, ಕಟ್ಟುವುದು ಇಲ್ಲಿ ಎಂಬ ಪದ್ಧತಿಯೇ ಹೆಚ್ಚಾಗಿರುವುದರಿಂದ ಕಲ್ಪಿಸುವ ಸ್ಥಾನಗಳು ಕಡಿಮೆ. ಪುಣೆಯ ನಾಡಿಂಗ್ ಹೆಡ್ಸ್ ಸಂಸ್ಥೆಯವರು 2020ರಲ್ಲಿ ಹೊರತಂದ ‘ರಾಜಿ’ ಎಂಬ ಆಟದಲ್ಲಿ ರಾಜಸ್ಥಾನದ ಅರಮನೆಗಳನ್ನೂ ಪಹಾಡಿ ಚಿತ್ರಗಳ ಛಾಯೆಯನ್ನೂ ಕಂಡು ಇಲ್ಲಿಯ ಕಲಾವಿದರು ಹಿಗ್ಗಿದುದು ಸಹಜವೇ. ಗುತ್ತಿಗೆಯ ಕೆಲಸಕ್ಕೆ ಗುಟ್ಟಿನ ಕರಾರೂ ಉಂಟು. ಆಟವು ಪ್ರಕಟವಾಗುವವರೆಗೆ, ಅದು ಮೂರು ವರ್ಷವಾದರೂ ಸರಿ, ಬರೆದ ಒಂದು ಗೆರೆಯನ್ನೂ ಹೆತ್ತ ತಾಯಿಗೆ ತೋರಿಸಕೂಡದು. ತಂದೆಯ ಬಳಿ ತೋರಿಸಲು ಏನೂ ಇಲ್ಲದಿರುವುದರ ಕಾರಣವು ನನಗೆ ಆಗ ತಿಳಿಯಿತು. ಅವರಿಗೂ ಅಂದೇ ತಿಳಿಯಿತು, ಕಂಬಕ್ಕೆ ಒರಗಿ ಕೇಳುತ್ತಿದ್ದವರು, “ಮತ್ತೆ ಮೊದಲೇ ಹೇಳಬಾರದೇನಪ್ಪಾ?” ಎಂದರು.

ಇನ್ನು ಕೇಡಿನ ಮಾತು. 2022ರಿಂದ ಈಚೆಗೆ ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಮೊದಲಾದ ಯಂತ್ರಗಳು ಎರಡು ಸಾಲಿನ ಸೂಚನೆಗೆ ಕ್ಷಣಮಾತ್ರದಲ್ಲಿ ಚಿತ್ರ ಒದಗಿಸುತ್ತಿರುವುವು. ತಮ್ಮ ಚಿತ್ರಗಳನ್ನೇ ಕೇಳದೆ ಉಣಿಸಿ ಈ ಯಂತ್ರಗಳನ್ನು ಬೆಳೆಸಿರುವರೆಂದು 2023ರ ಜನವರಿಯಲ್ಲಿ ಅಮೇರಿಕದ ಮೂವರು ಕಲಾವಿದರು ದಾವೆ ಹೂಡಿದರು. ಅವರಲ್ಲಿ ಕಾರ್ಲಾ ಆರ್ಟಿಜ್ ಇದೇ ಉದ್ಯೋಗದವರು. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮ್ ವಿಭಾಗದಿಂದ 1900 ಮಂದಿಯನ್ನು ತೆಗೆಯಿತು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಟೆಕ್ನಿಕಲರ್ ಬಾಗಿಲು ಮುಚ್ಚಿದಾಗ ನಮ್ಮ ಮಕ್ಕಳೇ ಸಾವಿರಾರು ಮಂದಿ ಬೀದಿಗೆ ಬಂದರು. ಇದಕ್ಕೆ ಕಾರಣ ಯಂತ್ರವಲ್ಲ, ಫ್ರಾನ್ಸಿನ ಮೂಲ ಸಂಸ್ಥೆಯ ಹಣದ ಮುಗ್ಗಟ್ಟು. ಆದರೆ ಕೆಲಸ ಹೋದವನಿಗೆ ಕಾರಣದಿಂದೇನು?

ಶಿಷ್ಯನು ಇದನ್ನು ಮುಚ್ಚಿಡಲಿಲ್ಲ. ಯಂತ್ರದ ಚಿತ್ರವು ನೋಡಲು ಸೊಗಸು. ಆದರೆ ಬಾಗಿಲಿನ ಹಿಂಬದಿ ಹೇಗಿದೆ, ಅಗುಳಿಯು ಎಲ್ಲಿ ಕೂಡುವುದು ಎಂದು ಕಟ್ಟುವವನು ಕೇಳಿದರೆ ಒಂದೊಂದು ಸಲಕ್ಕೆ ಒಂದೊಂದು ಬಾಗಿಲನ್ನು ತೋರಿಸುವುದಂತೆ. ಆದುದರಿಂದ ಅನುಭವಸ್ಥರಿಗೆ ಇನ್ನೂ ಕೆಲಸವಿದೆ. ಪೆಟ್ಟು ಬಿದ್ದಿರುವುದು ಹೊಸಬರಿಗೆ. ಹಿಂದೆ ಮೂವತ್ತು ಪುಟ್ಟ ಚಿತ್ರಗಳನ್ನು ಬರೆದು ಬರೆದೇ ಕೈ ಪಳಗಿಸಿಕೊಳ್ಳುತ್ತಿದ್ದವರು ಅವರು. ಆ ಮೂವತ್ತನ್ನು ಈಗ ಕೆಲವೆಡೆ ಯಂತ್ರಕ್ಕೇ ವಹಿಸುವರಂತೆ. ಮೊದಲ ಮೆಟ್ಟಿಲನ್ನು ಕಿತ್ತ ಮೇಲೆ ಅಟ್ಟಕ್ಕೆ ಏರುವುದೆಂತು?

ಮರುದಿನ ಅವನು ನನ್ನನ್ನು ಬಾಗಳಿಗೆ ಕರೆದೊಯ್ದನು. ಅಲ್ಲಿಯ ಕಲ್ಲೇಶ್ವರ ದೇವಾಲಯವು ಸೋಮೇಶ್ವರನ ಪೂರ್ವಜರ ಕಾಲದ್ದು; ನಾನು ಮಕ್ಕಳನ್ನು ಎಷ್ಟೋ ಸಲ ಕರೆದುಕೊಂಡು ಹೋಗಿ ಶಾಸನದ ಕಥೆ ಹೇಳಿ ಹಿಂದಿರುಗಿದವನು. ಅವನು ಮೂರು ಗಂಟೆಗಳ ಕಾಲ ಒಂದೇ ಕಂಬದ ಮುಂದೆ ಕುಳಿತನು. ಇಡೀ ಕಂಬವನ್ನು ಬರೆಯಲೇ ಇಲ್ಲ. ಕಡೆದ ಬಳೆಗಳ ನಡುವೆ ನೆರಳು ಎಷ್ಟು ಆಳಕ್ಕೆ ಇಳಿಯುವುದು, ಜನರ ಕೈ ತಗಲಿ ಯಾವ ಅಂಚು ಸವೆದಿದೆ, ಬೋದಿಗೆಯು ತೊಲೆಯನ್ನು ಎಲ್ಲಿ ಹೊರುವುದು, ಇಷ್ಟನ್ನೇ ಪುಟಪುಟವಾಗಿ ಬರೆದು ಪಕ್ಕದಲ್ಲಿ ಗೇಣುಗಳ ಲೆಕ್ಕ ಹಾಕಿದನು. ಪೆನ್ಸಿಲಿನ ಮೊನೆ ಮುರಿದಾಗ ಮಾತ್ರ ತಲೆಯೆತ್ತಿ, “ಮುಂದೆ ಯಾರಾದರೂ ಪಾಳುಗುಡಿ ಬೇಕೆಂದರೆ ಇದು ಕೈಯಲ್ಲಿರುತ್ತದೆ, ಗುರುಗಳೇ” ಎಂದನು.

ಹುಡುಗಿಯ ತಂದೆಗೆ ನಾನು ಹೇಳಿದುದಿಷ್ಟು. ಸಾಲ ಮಾಡಿ ದುಬಾರಿ ಕೋರ್ಸಿಗೆ ಈಗಲೇ ಸೇರಿಸಬೇಡಿರಿ. ಎರಡು ವರ್ಷ ಪಿಯುಸಿ ಓದಿಕೊಂಡೇ ದಿನಕ್ಕೊಂದು ಗಂಟೆ ಕಣ್ಣಿಗೆ ಕಂಡುದನ್ನು ಬರೆಯಲಿ. ಅಂಗರಚನೆ, ದೂರಸಮೀಪಗಳ ಅಳತೆ, ಬೆಳಕು, ಈ ಮೂರು ಕೈಗೆ ಹತ್ತಿದರೆ ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯವಿದೆ, ಮನೆಯಿಂದ ದೂರವಲ್ಲ. ಸಂಸ್ಥೆಯವರು ಪದವಿಯ ಪತ್ರಕ್ಕಿಂತ ಬರೆದ ಚಿತ್ರಗಳ ಕಟ್ಟನ್ನೇ ಮೊದಲು ಕೇಳುವರು. ಗೇಮಿನ ಉದ್ಯೋಗ ದೊರೆಯದಿದ್ದರೂ ಪುಸ್ತಕ, ಜಾಹೀರಾತು, ಶಾಲೆಯ ಡ್ರಾಯಿಂಗ್ ಪಾಠ, ಇವು ಉಂಟು; ಸಂಬಳವು ಅಷ್ಟಿರದು. ಅವರು ಬಹಳ ಹೊತ್ತು ಸುಮ್ಮನಿದ್ದು, “ಗ್ಯಾರಂಟಿ ಇಲ್ಲ ಅಂತೀರಿ ಮೇಷ್ಟ್ರೇ” ಎಂದರು. ಇಲ್ಲವೆಂದೇ ಹೇಳಿದೆನು. ಮಳೆಗೂ ಗ್ಯಾರಂಟಿಯಿಲ್ಲದೆ ಮೆಕ್ಕೆಜೋಳ ಬಿತ್ತುವ ಆ ಮನುಷ್ಯನು ಅಷ್ಟಕ್ಕೆ ಎದ್ದುಹೋಗಲಿಲ್ಲ.

ಬರುವ ಭಾನುವಾರ ತಂದೆಮಗಳು ಬಾಗಳಿಗೆ ಹೋಗುವರಂತೆ. ನನ್ನ ಹಳೆಯ ಹಾಜರಿ ಪುಸ್ತಕಗಳಲ್ಲಿ ಉಳಿದಿದ್ದ ಬಿಳಿಯ ಹಾಳೆಗಳನ್ನು ಕಿತ್ತು, ದಾರದಿಂದ ಹೊಲಿದು ಹುಡುಗಿಗೆ ಕೊಟ್ಟಿರುವೆನು.